ಪೂಜೆಗೆ ಮೊದಲು ಲಾರಿ ಕೆಳಗೆ ಒಮ್ಮೆ ಮಲಗಿ ನೋಡಿ

ಪ್ರಶ್ನೆ: ಹತ್ತು ವರ್ಷ ಪಿಕಪ್ ಓಡಿಸಿದ ಮೇಲೆ ಈಗ ಮೊದಲ ಸಲ ಆರು ಚಕ್ರದ ಹೊಸ ಲಾರಿ ಬುಕ್ ಮಾಡಿದ್ದೇನೆ. ಆಯುಧಪೂಜೆ ದಿನವೇ ಗಾಡಿ ಮನೆಗೆ ಬರಬೇಕು ಅಂತ ಮನೆಯವರ ಆಸೆ. ಯಾರ್ಡಿಗೆ ಹೋಗಿ ನೋಡಿದರೆ ಮೀಟರಿನಲ್ಲಿ ಆಗಲೇ 1,850 ಕಿ.ಮೀ. ಇದೆ. 'ಇದು ಯಾರೋ ಓಡಿಸಿ ಬಿಟ್ಟ ಗಾಡಿ' ಅಂತ ಭಾವ ಹೆದರಿಸಿದ್ದಾರೆ. ಶೋರೂಂನವರು ಮಾತ್ರ 'ಪಿಡಿಐ ಎಲ್ಲ ಆಗಿದೆ ಸರ್, ಕೀ ತಗೊಂಡು ಹೋಗೋದಷ್ಟೇ' ಅನ್ನುತ್ತಾರೆ. ಈ ಪಿಡಿಐ ಅಂದ್ರೆ ಏನು? ನಾನು ಏನೇನು ನೋಡಬೇಕು?
– ಓದುಗರು, ಚಳ್ಳಕೆರೆ

ಉತ್ತರ: ಮೊದಲು ಭಾವನವರಿಗೆ ಸಮಾಧಾನ ಹೇಳೋಣ. ದೊಡ್ಡ ಲಾರಿಗಳು ಕಾರಿನ ಹಾಗೆ ಟ್ರೇಲರ್ ಏರಿ ಬರುವುದು ಕಡಿಮೆ, ಹೆಚ್ಚಿನವು ಕಾರ್ಖಾನೆಯಿಂದ ಡೀಲರ್ ತನಕ ತಮ್ಮ ಚಕ್ರದ ಮೇಲೇ ಓಡಿಕೊಂಡು ಬರುತ್ತವೆ. ಹೆದ್ದಾರಿಯಲ್ಲಿ ಕ್ಯಾಬಿನ್ನೂ ಇಲ್ಲದ ಬರೀ ಚಾಸಿ, ಅಂದರೆ ಬಾಡಿ ಕಟ್ಟದ ಅಡಿಚೌಕಟ್ಟಿನ ಮೇಲೆ ಹೆಲ್ಮೆಟ್ ಹಾಕಿ, ಮುಖಕ್ಕೆ ಟವೆಲ್ ಸುತ್ತಿಕೊಂಡು ಕೂತು ಓಡಿಸುವವರನ್ನು ನೀವೂ ನೋಡಿರುತ್ತೀರಿ ಅಲ್ವಾ? ನಿಮ್ಮ ಗಾಡಿ ಜಮ್ಶೆಡ್‌ಪುರದಿಂದ ಬಂದಿದ್ದರೆ 1,850 ಕಿ.ಮೀ. ಸರಿಯಾದ ಲೆಕ್ಕವೇ. ಹೊಸೂರಿನಿಂದ ಬಂದಿದ್ದರೆ ಮಾತ್ರ ಉಳಿದ ಸಾವಿರದ ಐನೂರಕ್ಕೂ ಹೆಚ್ಚು ಕಿ.ಮೀ. ಎಲ್ಲಿ ಸುತ್ತಿತು ಅಂತ ಕೇಳಲೇಬೇಕು. ಡೆಮೋಗೆ ಓಡಿಸಿದ ಗಾಡಿಯೂ ಇರಬಹುದು.

ಪಿಡಿಐ ಅಂದರೆ ಪ್ರೀ ಡೆಲಿವರಿ ಇನ್‌ಸ್ಪೆಕ್ಷನ್, ಗಿರಾಕಿಗೆ ಕೊಡುವ ಮೊದಲು ಡೀಲರ್ ಗಾಡಿಯನ್ನು ಪೂರ್ತಿ ತಪಾಸಣೆ ಮಾಡಿ ಸಜ್ಜು ಮಾಡುವುದು. ಇಷ್ಟು ದೂರ ಯಾರೋ ಓಡಿಸಿ ತಂದ, ಆಮೇಲೆ ಯಾರ್ಡಿನಲ್ಲಿ ಬಿಸಿಲು ಮಳೆಗೆ ನಿಂತ ಗಾಡಿ ಅದು. ನಟ್ ಸಡಿಲ ಆಗಿರುತ್ತದೆ, ಬ್ಯಾಟರಿ ಇಳಿದಿರುತ್ತದೆ, ಇಲಿ ವೈರ್ ಕಡಿದಿರುವುದೂ ಉಂಟು. ಇದನ್ನೆಲ್ಲ ನೋಡಿ ಟಿಕ್ ಹಾಕಲು ಅಚ್ಚಾದ ಶೀಟ್ ಇರುತ್ತದೆ, ಅದನ್ನು ಕೇಳಿ ತೆಗೆದುಕೊಳ್ಳಿ. ಆದರೆ ಟಿಕ್ ನೋಡಿ ಮರುಳಾಗಬೇಡಿ. ನಾನು ವರ್ಕ್‌ಶಾಪಿನಲ್ಲಿ ಇದ್ದಾಗ ಒಂದು ಆಯುಧಪೂಜೆ ಹಿಂದಿನ ಸಂಜೆ, ಒಂದೇ ಪೆನ್ನಿನಲ್ಲಿ ಹದಿನಾಲ್ಕು ಶೀಟಿಗೆ ಟಿಕ್ ಬಿದ್ದಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಒಂದು ಗಾಡಿಯ ಕ್ಯಾಬಿನ್ನನ್ನೂ ಎತ್ತಿ ಎಂಜಿನ್ ನೋಡಿರಲಿಲ್ಲ. ಹುಡುಗರ ತಪ್ಪು ಅಂತ ಹೇಳಲಾರೆ, ಒಂದೇ ದಿನ ಅಷ್ಟು ಡೆಲಿವರಿ ಒಪ್ಪಿಕೊಂಡಿದ್ದು ಮೇಲಿನವರು.

ಹಾಗಾಗಿ ಪೂಜೆ ದಿನ ನೋಡಿದರಾಯಿತು ಅಂತ ಕೂರಬೇಡಿ. ರಿಜಿಸ್ಟ್ರೇಷನ್ ಆಗದೆ ಡೀಲರ್ ಗಾಡಿ ಕೊಡುವ ಹಾಗಿಲ್ಲ, ಕೇಂದ್ರ ಮೋಟಾರು ವಾಹನ ನಿಯಮ 42ರಲ್ಲೇ ಹಾಗಿದೆ. ಅಂದರೆ ನೀವು ಕುಂಬಳಕಾಯಿ ಒಡೆಯುವ ಹೊತ್ತಿಗೆ ಗಾಡಿ ಆಗಲೇ ನಿಮ್ಮ ಹೆಸರಿಗೆ ಬಂದಿರುತ್ತದೆ. ಆಮೇಲೆ ದೋಷ ಕಂಡರೆ ಅದು ವಾರಂಟಿ ಕಂಪ್ಲೇಂಟ್, ಬೇರೆ ಗಾಡಿ ಕೊಡಿ ಅಂದರೆ ಸುಲಭಕ್ಕೆ ಕೊಡುವುದಿಲ್ಲ. ರಿಜಿಸ್ಟ್ರೇಷನ್‌ಗೆ ಹಾಕುವ ಮೊದಲೇ, ಬೆಳಗಿನ ಬೆಳಕಿನಲ್ಲಿ, ನಿಮಗೆ ನಂಬಿಕೆಯ ಹಳೇ ಡ್ರೈವರ್ ಒಬ್ಬರನ್ನು ಕರೆದುಕೊಂಡು ಹೋಗಿ. ಹಳೇ ಬಟ್ಟೆ ಹಾಕಿಕೊಳ್ಳಿ.

ಚಾಸಿ ನಂಬರ್, ಎಂಜಿನ್ ನಂಬರ್ ಕಾಗದದ ಜೊತೆ ಒಂದೊಂದೇ ಅಕ್ಷರ ತಾಳೆ ನೋಡಿ. ಗಾಡಿ ತಯಾರಾದ ತಿಂಗಳು, ವರ್ಷ ಯಾವುದು ಅಂತ ಈಗಲೇ ಕೇಳಿ. ಆಮೇಲೆ ಕೊಡುವ ಫಾರಂ 21, ಅಂದರೆ ಮಾರಾಟ ಪತ್ರದಲ್ಲಿ ಅದೇ ಇರಬೇಕು. 2025ರ ಅಕ್ಟೋಬರ್ 1ರಿಂದ ತಯಾರಾದ, 3.5 ಟನ್ ಮೀರಿದ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ. ಎಸಿ ಇಲ್ಲದ ಗಾಡಿ ತೋರಿಸಿದರೆ ಅದು ಹಳೇ ಸ್ಟಾಕ್ ಅಂತಲೇ ಅರ್ಥ, ರೇಟು ಇಳಿಸಿ ಅನ್ನಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 1825 ಅಂದರೆ 2025ರ 18ನೇ ವಾರದಲ್ಲಿ ಆದ ಟೈರು. ಏಳೂ ನೋಡಿ, ಸ್ಟೆಪ್ನಿ ಸೇರಿ. ಹಿಂದಿನ ಜೋಡಿ ಚಕ್ರದಲ್ಲಿ ಒಳಗಿನ ಟೈರಿನ ಗಾಳಿ ನೋಡುವವರೇ ಇಲ್ಲ, ಗೇಜ್ ಹಿಡಿದು ನೀವೇ ನೋಡಿ. ಆಮೇಲೆ ಕೆಳಗೆ ಮಲಗಿ. ಎಣ್ಣೆ ಜಿನುಗಿದ್ದು, ಉಜ್ಜಿದ ಪೈಪು, ಜೋತುಬಿದ್ದ ವೈರು ಕಣ್ಣಿಗೆ ಬೀಳುತ್ತವೆ. ಗ್ರೀಸ್ ನಿಪ್ಪಲ್‌ಗಳ, ಅಂದರೆ ಗ್ರೀಸ್ ತುಂಬುವ ಸಣ್ಣ ಮೂತಿಗಳ ಹತ್ತಿರ ಹೊಸ ಗ್ರೀಸ್ ಕಾಣದೆ ಬರೀ ಧೂಳು ಮೆತ್ತಿದ್ದರೆ ಪಿಡಿಐ ಶೀಟಿನ ಕಥೆ ಅಲ್ಲೇ ಗೊತ್ತಾಯಿತು.

ದೊಡ್ಡ ಲಾರಿಯ ಬ್ರೇಕ್ ಹಿಡಿಯುವುದು ಗಾಳಿಯ ಒತ್ತಡದಿಂದ, ಗಾಡಿ ಸ್ಟಾರ್ಟ್ ಮಾಡಿ ಆ ಗಾಳಿ ತುಂಬುವ ತನಕ ಕಾಯಿರಿ. ಎಂಜಿನ್ ಆಫ್ ಮಾಡಿ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ಇನ್ನೊಬ್ಬರು ಸುತ್ತ ನಡೆದು ಬುಸ್ ಅನ್ನುವ ಸದ್ದು ಬರುತ್ತದಾ ಕೇಳಲಿ. ಗೇಜಿನ ಮುಳ್ಳು ಇಳಿಯುತ್ತಲೇ ಹೋದರೆ ಗಾಡಿ ಒಪ್ಪಿಕೊಳ್ಳಬೇಡಿ. ಹೊಗೆ ಶುದ್ಧ ಮಾಡಲು ಯೂರಿಯಾ ದ್ರವ ಬೇಕಾದ ಬಿಎಸ್ 6 ಗಾಡಿಯಾದರೆ ಅದರ ಟ್ಯಾಂಕ್ ನೀಲಿ ಮುಚ್ಚಳದ್ದು, ಡ್ರೈವರಿಗೆ ಅಲ್ಲೇ ತೋರಿಸಿಬಿಡಿ, ಯಾಕೆಂದರೆ ಗೊತ್ತಿಲ್ಲದೆ ಅದಕ್ಕೆ ಡೀಸೆಲ್ ಸುರಿದರೆ ಬರುವ ಬಿಲ್ ಸಣ್ಣದಲ್ಲ. ಜಾಕಿ, ವೀಲ್ ಸ್ಪ್ಯಾನರ್, ಸರ್ವಿಸ್ ಪುಸ್ತಕ, ಎರಡನೇ ಕೀ ಎಣಿಸಿಕೊಳ್ಳಿ.

ಕಂಡ ದೋಷವನ್ನು ಬಾಯಲ್ಲಿ ಹೇಳಿ ಬರಬೇಡಿ. ಪಿಡಿಐ ಶೀಟಿನ ಮೇಲೇ ಬರೆಸಿ, ಸಹಿ ಹಾಕಿಸಿ, ಫೋನಿನಲ್ಲಿ ಫೋಟೋ ಹೊಡೆದುಕೊಳ್ಳಿ. ಮೊದಲ ಲೋಡಿನ ಟ್ರಿಪ್ ಮುಗಿದ ಮೇಲೆ ವೀಲ್ ನಟ್ ಇನ್ನೊಮ್ಮೆ ಬಿಗಿ ಮಾಡಿಸಿ, ಎಷ್ಟು ಬಿಗಿ ಅನ್ನುವುದು ಮ್ಯಾನ್ಯುಯಲ್‌ನಲ್ಲಿ ಇರುತ್ತದೆ.

ಪ್ರಶ್ನೆ: ನಾನು ಬರೀ ಚಾಸಿ ತೆಗೆದುಕೊಂಡು ಬಾಡಿಯನ್ನು ಹೊರಗೆ ಕಟ್ಟಿಸುತ್ತಿದ್ದೇನೆ. ಡೀಲರ್ ಒಮ್ಮೆ ಚೆಕ್ ಮಾಡಿಕೊಟ್ಟರೆ ಸಾಕಲ್ವಾ?
– ಓದುಗರು, ಹಾವೇರಿ

ಉತ್ತರ: ಸಾಲದು. ಬಾಡಿ ಕಟ್ಟುವಾಗಲೇ ಹೆಚ್ಚು ಹಾಳಾಗುವುದು. ವೆಲ್ಡಿಂಗ್‌ಗೆ ಮೊದಲು ಬ್ಯಾಟರಿ ಕಳಚಬೇಕು, ಎಂಜಿನ್ ಕಂಪ್ಯೂಟರಿನ ಕನೆಕ್ಟರ್ ಕೂಡ. ಇಲ್ಲದಿದ್ದರೆ ಆ ಕಂಪ್ಯೂಟರ್ ಸುಟ್ಟು ಹೋಗಬಹುದು, ಆಗ ಡೀಲರ್ ಬಾಡಿಯವರ ಕಡೆ, ಬಾಡಿಯವರು ಡೀಲರ್ ಕಡೆ ಬೆರಳು ತೋರಿಸುತ್ತಾರೆ. ಕಂಪನಿ ಹೇಳದ ಜಾಗದಲ್ಲಿ ಚಾಸಿಗೆ ತೂತು ಕೊರೆಯಲು ಬಿಡಬೇಡಿ. ಬಾಡಿ ಮುಗಿದ ಮೇಲೆ ಗಾಡಿಯನ್ನು ಡೀಲರ್ ಹತ್ತಿರ ತಂದು ವೈರಿಂಗ್, ಬ್ರೇಕ್ ಪೈಪ್ ಮತ್ತೊಮ್ಮೆ ತೋರಿಸಿ.

ಪ್ರಶ್ನೆ: ಹೊಸ ಲಾರಿಯ ಸೀಟಿನ ಪ್ಲಾಸ್ಟಿಕ್ ಕವರ್ ಎಷ್ಟು ದಿನ ಇಡಬಹುದು?
– ಓದುಗರು, ಸಿರಾ

ಉತ್ತರ: ಯಾರ್ಡಿನಲ್ಲೇ ತೆಗೆಸಿ. ಅದರ ಕೆಳಗೆ ಹರಿದಿದ್ದರೆ ಅವತ್ತೇ ಕಾಣುತ್ತದೆ, ಡ್ರೈವರಿನ ಬೆನ್ನೂ ಬದುಕುತ್ತದೆ.