ಓದುಗರ ಪ್ರಶ್ನೆ: ಬಂದೂಕು ಹೆಚ್ಚಿದ್ದಲ್ಲಿ ಸಾವೂ ಹೆಚ್ಚೇ?

ಪ್ರಶ್ನೆ: ಅಮೆರಿಕದಲ್ಲಿ ಬಂದೂಕು ಜಾಸ್ತಿ, ಹಾಗಾಗಿ ಸಾವೂ ಜಾಸ್ತಿ ಅನ್ನುತ್ತಾರೆ. ಸ್ವಿಟ್ಜರ್ಲೆಂಡಿನಲ್ಲೂ ಮನೆಮನೆಯಲ್ಲಿ ಬಂದೂಕಿದೆಯಂತಲ್ಲ, ಅಲ್ಲೇಕೆ ಕೊಲೆಗಳಿಲ್ಲ?

‘ಮನೆಮನೆಯಲ್ಲಿ’ ಎಂಬುದು ಉತ್ಪ್ರೇಕ್ಷೆ. ಜಿನೀವಾದ ಸ್ಮಾಲ್ ಆರ್ಮ್ಸ್ ಸರ್ವೆ ಸಂಸ್ಥೆ 2017ಕ್ಕೆ ಮಾಡಿದ ಅಂದಾಜಿನಂತೆ, ನೂರು ಜನರಿಗೆ ನಾಗರಿಕರ ಕೈಯಲ್ಲಿರುವ ಬಂದೂಕುಗಳು ಅಮೆರಿಕದಲ್ಲಿ 120.5, ಕೆನಡಾದಲ್ಲಿ 34.7, ಫಿನ್ಲೆಂಡಿನಲ್ಲಿ 32.4, ಸ್ವಿಟ್ಜರ್ಲೆಂಡಿನಲ್ಲಿ 27.6, ಜರ್ಮನಿಯಲ್ಲಿ 19.6, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 4.6, ಜಪಾನಿನಲ್ಲಿ 0.3. ಸ್ವಿಸ್ ಪ್ರಮಾಣ ಅಮೆರಿಕದ ಕಾಲು ಭಾಗವೂ ಆಗುವುದಿಲ್ಲ.

ಪ್ರಶ್ನೆಯಲ್ಲಿ ಇನ್ನೊಂದು ತೊಡಕಿದೆ. ಗುಂಡಿನ ಸಾವು ಎಂದೊಡನೆ ನಾವು ಕೊಲೆ ಎಂದುಕೊಳ್ಳುತ್ತೇವೆ. ಸ್ವಿಟ್ಜರ್ಲೆಂಡಿನಲ್ಲಿ ಗುಂಡಿನಿಂದ ಸಾಯುವ ಹತ್ತು ಜನರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಯದು ಆತ್ಮಹತ್ಯೆ. ಅಮೆರಿಕದಲ್ಲೂ ಅದರದೇ ಮೇಲುಗೈ: 2022ರ 48,204 ಸಾವುಗಳಲ್ಲಿ ಆತ್ಮಹತ್ಯೆ 27,032, ಕೊಲೆ 19,651. ಮಿಕ್ಕವು ಆಕಸ್ಮಿಕ, ಪೊಲೀಸ್ ಗುಂಡು ಮತ್ತು ಕಾರಣ ತಿಳಿಯದವು. ಟಿವಿಯಲ್ಲಿ ದಿನಗಟ್ಟಲೆ ಕಾಣುವ ಸಾಮೂಹಿಕ ಹತ್ಯೆಗಳು ಈ ಒಟ್ಟಿನಲ್ಲಿ ತೀರ ಸಣ್ಣ ಪಾಲು.

ಬಂದೂಕಿನ ಸಂಖ್ಯೆಗೂ ಗುಂಡಿನ ಆತ್ಮಹತ್ಯೆಗೂ ಇರುವ ನಂಟು ಬಹಳ ಗಟ್ಟಿ. ಕೊಲೆಯ ವಿಷಯದಲ್ಲಿ ಅದು ಅಷ್ಟು ನೇರವಲ್ಲ. ಬಂದೂಕು ಯಾವ ಬಗೆಯದು, ಯಾರ ಕೈಯಲ್ಲಿದೆ, ಮದ್ದುಗುಂಡು ಎಲ್ಲಿದೆ ಎಂಬುದರ ಮೇಲೆ ಹೋಗುತ್ತದೆ. ಫಿನ್ಲೆಂಡಿನ ಬಂದೂಕುಗಳಲ್ಲಿ ಬಹುಪಾಲು ಬೇಟೆಯ ಕೋವಿಗಳು. ಅಮೆರಿಕದ ಕೊಲೆಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು ಜೇಬಿನಲ್ಲಿ ಅಡಗುವ ಪಿಸ್ತೂಲು.

ಪ್ರಶ್ನೆ: ಸಾಯಬೇಕು ಅಂದುಕೊಂಡವರು ಬಂದೂಕಿಲ್ಲದಿದ್ದರೆ ಬೇರೆ ದಾರಿ ಹುಡುಕುವುದಿಲ್ಲವೇ?

ಕೆಲವರು ಹುಡುಕುತ್ತಾರೆ, ಹೆಚ್ಚಿನವರು ಇಲ್ಲ. ಇದನ್ನು ಅಳೆಯಲು ಸ್ವಿಟ್ಜರ್ಲೆಂಡೇ ಅವಕಾಶ ಕೊಟ್ಟಿತು. ಅಲ್ಲಿ ಸೈನಿಕರು ಸೇನೆಯ ರೈಫಲನ್ನು ಮನೆಯಲ್ಲಿಟ್ಟುಕೊಳ್ಳುವ ಪದ್ಧತಿ. 2003ರ ಸುಧಾರಣೆಯಲ್ಲಿ ಸೇನೆಯ ಗಾತ್ರ ಸುಮಾರು ಅರ್ಧಕ್ಕೆ ಇಳಿದಾಗ ಮನೆಗಳಲ್ಲಿದ್ದ ರೈಫಲುಗಳೂ ಕಡಿಮೆಯಾದವು. ಸೇನಾ ವಯಸ್ಸಿನ ಗಂಡಸರಲ್ಲಿ ಗುಂಡಿನ ಆತ್ಮಹತ್ಯೆಯೂ ಒಟ್ಟು ಆತ್ಮಹತ್ಯೆಯೂ ಇಳಿದವು. 2013ರಲ್ಲಿ ಪ್ರಕಟವಾದ ಅಧ್ಯಯನದ ಲೆಕ್ಕದಲ್ಲಿ, ಹೀಗೆ ತಗ್ಗಿದ ಸಾವುಗಳ ಪೈಕಿ ಬೇರೆ ವಿಧಾನಕ್ಕೆ ಹೋದದ್ದು ಶೇ. 22 ಮಾತ್ರ. ಇಸ್ರೇಲ್ ಸೇನೆ 2006ರಲ್ಲಿ ವಾರಾಂತ್ಯಕ್ಕೆ ಮನೆಗೆ ಹೋಗುವ ಸೈನಿಕರು ಬಂದೂಕು ಒಯ್ಯದಂತೆ ಮಾಡಿದಾಗ ಸೈನಿಕರ ಆತ್ಮಹತ್ಯೆ ಪ್ರಮಾಣ ಸುಮಾರು ಶೇ. 40 ಇಳಿಯಿತು, ಇಳಿದದ್ದು ಮುಖ್ಯವಾಗಿ ವಾರಾಂತ್ಯದವು.

ತೀವ್ರ ಸಂಕಟದ ಗಳಿಗೆ ಬಹುಪಾಲು ಜನರಲ್ಲಿ ದಾಟಿಹೋಗುವಂಥದ್ದು. ಆ ಗಳಿಗೆಯಲ್ಲಿ ಬಂದೂಕು ಕೈಗೆ ಸಿಕ್ಕರೆ ಮನಸ್ಸು ಬದಲಿಸಲು ಸಮಯವೇ ಉಳಿಯುವುದಿಲ್ಲ.

ಪ್ರಶ್ನೆ: ದೇಶಗಳನ್ನು ನಾನೇ ಹೋಲಿಸಿ ನೋಡಬೇಕು. ಲೆಕ್ಕ ಹೇಗೆ ಹಾಕುವುದು?

ವಿಶ್ವ ಆರೋಗ್ಯ ಸಂಸ್ಥೆಯ ಮರಣ ದತ್ತಾಂಶ ತೆಗೆದುಕೊಳ್ಳಿ. ಅದರಲ್ಲಿ ಸಾವಿನ ಕಾರಣಗಳಿಗೆ ಐಸಿಡಿ–10 (ರೋಗ ಮತ್ತು ಸಾವಿನ ಕಾರಣಗಳ ಅಂತರರಾಷ್ಟ್ರೀಯ ವರ್ಗೀಕರಣ) ಸಂಕೇತಗಳಿವೆ: ಗುಂಡಿನ ಆತ್ಮಹತ್ಯೆಗೆ ಎಕ್ಸ್72ರಿಂದ 74, ಕೊಲೆಗೆ ಎಕ್ಸ್93ರಿಂದ 95, ಆಕಸ್ಮಿಕಕ್ಕೆ ಡಬ್ಲ್ಯು32ರಿಂದ 34, ಉದ್ದೇಶ ತಿಳಿಯದ್ದಕ್ಕೆ ವೈ22ರಿಂದ 24. ಒಂದೊಂದನ್ನೂ ಜನಸಂಖ್ಯೆಯಿಂದ ಭಾಗಿಸಿ ಲಕ್ಷದಿಂದ ಗುಣಿಸಿ. ಅಮೆರಿಕದ 2022ರ ಜನಸಂಖ್ಯೆ ಸುಮಾರು 33.3 ಕೋಟಿ. ಹಾಗಾಗಿ ಲಕ್ಷಕ್ಕೆ ಒಟ್ಟು 14.5, ಆತ್ಮಹತ್ಯೆ 8.1, ಕೊಲೆ 5.9. ಉದ್ದೇಶ ತಿಳಿಯದವನ್ನು ಬಿಟ್ಟುಬಿಡಬೇಡಿ. ಒಂದು ದೇಶದ ವೈದ್ಯರು ಆತ್ಮಹತ್ಯೆ ಎಂದು ಬರೆದದ್ದನ್ನು ಇನ್ನೊಂದು ದೇಶದವರು ಈ ಖಾನೆಗೆ ಹಾಕಿರಬಹುದು.

ಬಳಿಕ ದೇಶಕ್ಕೊಂದು ಚುಕ್ಕೆಯಂತೆ, ಬಂದೂಕಿನ ಪ್ರಮಾಣ ಅಡ್ಡಕ್ಕೆ, ಸಾವಿನ ಪ್ರಮಾಣ ಉದ್ದಕ್ಕೆ ಇಟ್ಟು ನಕ್ಷೆ ಬರೆದು, ಚುಕ್ಕೆಗಳ ನಡುವೆ ಹಾಯುವ ಗೆರೆ ಎಳೆಯಿರಿ. ಇಲ್ಲಿ ಎಡವುವುದು ಸಾಮಾನ್ಯವಾಗಿ ದೇಶಗಳ ಪಟ್ಟಿಯಲ್ಲಿ. ಶ್ರೀಮಂತ ದೇಶಗಳೆಂದು ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ) ಸದಸ್ಯರನ್ನೆಲ್ಲ ತೆಗೆದುಕೊಂಡರೆ ಮೆಕ್ಸಿಕೊ, ಕೊಲಂಬಿಯಾಗಳೂ ಬರುತ್ತವೆ. ಮೆಕ್ಸಿಕೊದಲ್ಲಿ ನೂರಕ್ಕೆ 12.9 ಬಂದೂಕು, ಆದರೆ ಮಾದಕವಸ್ತು ಗುಂಪುಗಳಿಂದಾಗಿ ಕೊಲೆ ವಿಪರೀತ, ಗೆರೆ ತಲೆಕೆಳಗಾಗುತ್ತದೆ. ಅವೆರಡನ್ನು ತೆಗೆದು ಅಮೆರಿಕವನ್ನು ಉಳಿಸಿಕೊಂಡರೆ, ಮೂಲೆಯಲ್ಲಿ ಒಂಟಿಯಾಗಿ ಕೂತ ಆ ಒಂದು ಚುಕ್ಕೆಯೇ ಇಡೀ ಗೆರೆಯನ್ನು ತನ್ನತ್ತ ಎಳೆಯುತ್ತದೆ. ಅಮೆರಿಕ ಇದ್ದಾಗ ಒಮ್ಮೆ, ಇಲ್ಲದಾಗ ಒಮ್ಮೆ ಗೆರೆ ಎಳೆಯಿರಿ. ಎರಡರಲ್ಲಿ ಒಂದನ್ನು ಮಾತ್ರ ತೋರಿಸುವ ನಕ್ಷೆ ಯಾವ ಪಕ್ಷದ್ದಾದರೂ ನಂಬಬೇಡಿ.

ಬಂದೂಕಿನ ಸಂಖ್ಯೆಯೂ ಮೋಸ ಮಾಡುತ್ತದೆ. ನೂರಕ್ಕೆ 120 ಎಂದರೆ ಎಲ್ಲರ ಬಳಿಯೂ ಇದೆ ಎಂದಲ್ಲ. ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆಯ 2023ರ ಸಮೀಕ್ಷೆಯಲ್ಲಿ ತಮ್ಮದೇ ಬಂದೂಕಿದೆ ಎಂದ ವಯಸ್ಕ ಅಮೆರಿಕನ್ನರು ಶೇ. 32. ಕೆಲವರ ಬಳಿ ರಾಶಿಯೇ ಇದೆ. ಆತ್ಮಹತ್ಯೆಯ ಅಪಾಯ ನೋಡಲು ಒಟ್ಟು ಬಂದೂಕಿಗಿಂತ ‘ಎಷ್ಟು ಮನೆಗಳಲ್ಲಿದೆ’ ಎಂಬ ಅಂಕಿ ವಾಸಿ.

ಪ್ರಶ್ನೆ: ಹಾಗಾದರೆ ಅಮೆರಿಕದ ಕೊಲೆಗಳಿಗೆಲ್ಲ ಬಂದೂಕೇ ಕಾರಣವೇ?

ಅಲ್ಲ. 2022ರಲ್ಲಿ ಅಲ್ಲಿ ಎಲ್ಲ ಬಗೆಯ ಕೊಲೆ ಸೇರಿ 24,849. ಗುಂಡಿನವನ್ನು ಕಳೆದರೂ ಸುಮಾರು 5,200, ಅಂದರೆ ಲಕ್ಷಕ್ಕೆ 1.6. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಚೂರಿ, ಬಂದೂಕು ಎಲ್ಲ ಸೇರಿಸಿದರೂ ಲಕ್ಷಕ್ಕೆ ಸುಮಾರು 1. ಬಂದೂಕಿನ ಆಚೆಗೂ ಅಮೆರಿಕದಲ್ಲಿ ಹಿಂಸೆ ಹೆಚ್ಚೇ. ಆದರೆ ಆ 1.6ನ್ನು ಏಳೂವರೆಗೆ ಏರಿಸುವುದು ಗುಂಡು: ಗಾಯದಲ್ಲಿ ಮುಗಿಯಬಹುದಾಗಿದ್ದ ಜಗಳಗಳು ಸಾವಿನಲ್ಲಿ ಮುಗಿಯುತ್ತವೆ.

ಪ್ರಶ್ನೆ: ಆಸ್ಟ್ರೇಲಿಯ ಬಂದೂಕು ವಾಪಸು ಪಡೆದದ್ದರಿಂದ ಲಾಭವಾಯಿತೇ?

1996ರ ಏಪ್ರಿಲ್ 28ರಂದು ಟಾಸ್ಮೇನಿಯ ರಾಜ್ಯದ ಪೋರ್ಟ್ ಆರ್ಥರ್‌ನಲ್ಲಿ ಒಬ್ಬನ ಗುಂಡಿಗೆ 35 ಜನ ಸತ್ತ ಮೇಲೆ ಸರ್ಕಾರ ಹಣ ಕೊಟ್ಟು ಸುಮಾರು ಆರೂವರೆ ಲಕ್ಷ ಬಂದೂಕು ಹಿಂಪಡೆಯಿತು. ಮುಖ್ಯ ಗುರಿ ಬೇಗಬೇಗ ಗುಂಡು ಹಾರಿಸಬಲ್ಲ ಅರೆಸ್ವಯಂಚಾಲಿತ ರೈಫಲ್, ಪಂಪ್ ಆಕ್ಷನ್ ಶಾಟ್‌ಗನ್. ಜೊತೆಗೆ ನೋಂದಣಿ, 28 ದಿನ ಕಾಯುವ ನಿಯಮ, ಸಕಾರಣ ತೋರಿಸುವ ಕಡ್ಡಾಯ ಬಂದವು. ಆತ್ಮರಕ್ಷಣೆಯನ್ನು ಸಕಾರಣವೆಂದು ಒಪ್ಪುವುದಿಲ್ಲ. ಗುಂಡಿನ ಸಾವು ಇಳಿದದ್ದು ನಿಜ. ಆದರೆ ಇಳಿತ 1996ಕ್ಕೂ ಮೊದಲೇ ಶುರುವಾಗಿತ್ತು. ಕಾನೂನು ಅದನ್ನು ಎಷ್ಟು ಚುರುಕುಗೊಳಿಸಿತು ಎಂಬುದರಲ್ಲಿ ಸಂಶೋಧಕರಿಗೆ ಜಗಳವಿದೆ. ಆತ್ಮಹತ್ಯೆಯ ಕಡೆ ಪುರಾವೆ ಹೆಚ್ಚು ಗಟ್ಟಿ, ಕೊಲೆಯ ಕಡೆ ಸಡಿಲ.

ಪ್ರಶ್ನೆ: ಲೈಸೆನ್ಸ್ ಇರುವ ಬಂದೂಕು ಮನೆಯಲ್ಲಿದ್ದರೆ ಏನು ಮಾಡಬೇಕು?

ಗುಂಡು ತೆಗೆದು ಉಕ್ಕಿನ ಪೆಟ್ಟಿಗೆಯಲ್ಲಿ ಬೀಗ ಹಾಕಿಡಿ. ಮದ್ದುಗುಂಡು ಬೇರೆ ಕಡೆ, ಬೇರೆ ಬೀಗದಲ್ಲಿರಲಿ. ಬೀಗದ ಕೈ ಎಲ್ಲಿದೆ ಎಂಬುದು ಮಕ್ಕಳಿಗೆ ಗೊತ್ತಾಗಬಾರದು. ಎತ್ತರದ ಕಪಾಟು ಸಾಲದು. ಮನೆಯಲ್ಲಿ ಯಾರಾದರೂ ಮನಸ್ಸು ಕುಗ್ಗಿದ ಸ್ಥಿತಿಯಲ್ಲಿದ್ದರೆ ಬೀಗವನ್ನೂ ನೆಚ್ಚಬೇಡಿ. ಕಾನೂನು ಒಪ್ಪುವಂತೆ ಪೊಲೀಸರ ಬಳಿಯೋ ಪರವಾನಗಿ ಇರುವ ವ್ಯಾಪಾರಿಯ ಬಳಿಯೋ ಬಂದೂಕನ್ನು ಇರಿಸಿ, ಅವರು ಚೇತರಿಸಿಕೊಂಡ ಮೇಲಷ್ಟೇ ತನ್ನಿ.