ಪಂಪ್‌ಹೌಸ್‌ನ ಪೈ ರ‍್ಯಾಮ್‌ನಲ್ಲೇ ಓಡಲಿ, ಕಾರ್ಡಿಗೆ ಬರೆಯೋದು ಬೇಡ

ಸರ್, ನಿಮ್ಮ ಪ್ರಶ್ನೆ ಓದಿದೆ. ತೋಟದ ಪಂಪ್‌ಹೌಸ್‌ನಲ್ಲಿ ರಾಸ್ಪ್‌ಬೆರಿ ಪೈ 3 ಅನ್ನುವ ಪುಟ್ಟ ಕಂಪ್ಯೂಟರ್ ಇಟ್ಟು ಡ್ರಿಪ್ ವಾಲ್ವ್ ನಡೆಸುತ್ತಿದ್ದೀರಿ. ಕರೆಂಟ್ ಹೋಗಿ ಬಂದಾಗೆಲ್ಲ ಎಸ್‌ಡಿ ಕಾರ್ಡ್ ಕೆಡುತ್ತಿದೆ. ಸಿಸ್ಟಮ್ ಪೂರ್ತಿ ರ‍್ಯಾಮ್‌ನಲ್ಲೇ (ಕರೆಂಟ್ ಹೋದರೆ ಖಾಲಿಯಾಗುವ ಮೆಮೊರಿಯಲ್ಲಿ) ಓಡಿಸಿದರೆ ಸರಿಹೋಗುತ್ತದಾ ಅಂತ ಕೇಳಿದ್ದೀರಿ. ಮೇಲೆ ಒಬ್ಬರು ದುಬಾರಿ ಕಾರ್ಡ್ ತಗೊಳ್ಳಿ ಅಂದಿದ್ದಾರೆ, ಇನ್ನೊಬ್ಬರು ಯುಪಿಎಸ್ ಹಾಕಿ ಅಂದಿದ್ದಾರೆ. ಎರಡೂ ತಪ್ಪಲ್ಲ. ಆದರೆ ನಿಮ್ಮ ಕೆಲಸಕ್ಕೆ ರ‍್ಯಾಮ್ ದಾರಿಯೇ ಸರಿ ಅನ್ನೋದು ನನ್ನ ಅಭಿಪ್ರಾಯ. ಅದಕ್ಕೆ ಕೈ ಹಾಕುವ ಮುಂಚೆ ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ: ಕರೆಂಟ್ ಹೋದಾಗ ಏನೇನು ಉಳಿಯಲೇಬೇಕು, ಏನೇನು ಹೋದರೂ ಪರವಾಗಿಲ್ಲ. ಅರ್ಧಕ್ಕಿಂತ ಜಾಸ್ತಿ ಕೆಲಸ ಇರುವುದು ಅಲ್ಲೇ.

ಮೊದಲು ಕಾರ್ಡ್ ಯಾಕೆ ಕೆಡುತ್ತದೆ ಅಂತ ನೋಡೋಣ. ಫ್ಲ್ಯಾಶ್ ಮೆಮೊರಿಯಲ್ಲಿ ಹಳೆಯದರ ಮೇಲೆ ನೇರವಾಗಿ ಬರೆಯಲು ಬರುವುದಿಲ್ಲ. ಒಂದು ದೊಡ್ಡ ಬ್ಲಾಕನ್ನೇ ಅಳಿಸಿ ಆಮೇಲೆ ಬರೆಯಬೇಕು. ಹಾಗಾಗಿ ಕಾರ್ಡಿನೊಳಗಿನ ಕಂಟ್ರೋಲರ್ ಚಿಪ್ ಡೇಟಾವನ್ನು ಅಲ್ಲಿಂದಿಲ್ಲಿಗೆ ಸಾಗಿಸುತ್ತಿರುತ್ತದೆ, ಯಾವುದು ಎಲ್ಲಿದೆ ಅನ್ನುವ ಲೆಕ್ಕವನ್ನೂ ಅದೇ ಇಟ್ಟುಕೊಂಡಿರುತ್ತದೆ. ಆ ಹೊತ್ತಿಗೆ ಸರಿಯಾಗಿ ಕರೆಂಟ್ ಹೋದರೆ, ಬರೆಯುತ್ತಿದ್ದ ಫೈಲ್ ಮಾತ್ರ ಅಲ್ಲ, ಅದಕ್ಕೆ ಸಂಬಂಧವೇ ಇಲ್ಲದ ಫೈಲೂ ಹೋಗಬಹುದು. ಲಿನಕ್ಸ್‌ನ ಜರ್ನಲ್, ಅಂದರೆ ಫೈಲ್ ಬದಲಾವಣೆಗಳನ್ನು ಮೊದಲೇ ಗುರುತು ಹಾಕಿಡುವ ವ್ಯವಸ್ಥೆ, ಇದನ್ನು ತಡೆಯಲಾರದು, ಯಾಕಂದ್ರೆ ಗಡಿಬಿಡಿ ನಡೆಯುವುದು ಅದಕ್ಕೆ ಕಾಣದ ಜಾಗದಲ್ಲಿ. ನೀವು ಏನೂ ಸೇವ್ ಮಾಡದಿದ್ದರೂ ಸಿಸ್ಟಮ್ ತನ್ನ ಪಾಡಿಗೆ ಲಾಗ್ (ಏನೇನಾಯಿತು ಅನ್ನುವ ದಾಖಲೆ) ಬರೆಯುತ್ತಲೇ ಇರುತ್ತದೆ. ಬರೆಯುವುದನ್ನೇ ನಿಲ್ಲಿಸುವುದು ಇದಕ್ಕೆ ಮದ್ದು.

ಸುಲಭದ ದಾರಿ ನಿಮ್ಮ ಈಗಿನ ರಾಸ್ಪ್‌ಬೆರಿ ಪೈ ಓಎಸ್‌ನಲ್ಲೇ ಇದೆ. ಅದರ ಸೆಟ್ಟಿಂಗ್ಸ್ ಪ್ರೋಗ್ರಾಂ ರಾಸ್ಪಿ-ಕಾನ್ಫಿಗ್ ತೆರೆದು ಪರ್ಫಾರ್ಮೆನ್ಸ್ ಆಪ್ಷನ್ಸ್ ಒಳಗೆ ಓವರ್‌ಲೇ ಫೈಲ್ ಸಿಸ್ಟಮ್ ಆನ್ ಮಾಡಿ. ಬೂಟ್ ಪಾರ್ಟಿಷನ್‌ಗೂ (ಸಿಸ್ಟಮ್ ಶುರು ಮಾಡುವ ಫೈಲ್‌ಗಳಿರುವ ಭಾಗಕ್ಕೂ) ಬೀಗ ಹಾಕಲಾ ಅಂತ ಕೇಳುತ್ತದೆ, ಹೂಂ ಅನ್ನಿ. ರೀಬೂಟ್ ಆದ ಮೇಲೆ, ಪುಸ್ತಕದ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಬರೆದ ಹಾಗೆ, ಬರೆದದ್ದೆಲ್ಲ ರ‍್ಯಾಮ್‌ನಲ್ಲಿರುವ ಪದರಕ್ಕೆ ಹೋಗುತ್ತದೆ, ಕೆಳಗಿನ ಕಾರ್ಡ್ ಹಾಗೇ ಇರುತ್ತದೆ. ಕಿರಿಕಿರಿ ಏನಂದ್ರೆ, ಒಂದು ಸಣ್ಣ ಬದಲಾವಣೆ ಮಾಡಬೇಕಾದರೂ ಓವರ್‌ಲೇ ಆಫ್ ಮಾಡು, ರೀಬೂಟ್ ಮಾಡು, ಬದಲಿಸು, ಮತ್ತೆ ಆನ್, ಮತ್ತೆ ರೀಬೂಟ್. ಇನ್ನೊಂದು, ಪೈ 3ರಲ್ಲಿರುವುದು 1 ಜಿಬಿ ರ‍್ಯಾಮ್. ಯಾವುದಾದರೂ ಪ್ರೋಗ್ರಾಂ ಲಾಗ್ ಸುರಿಯುತ್ತಾ ಕೂತರೆ ಆ ಪದರ ತುಂಬಿ ಮೆಷಿನ್ ನಿಂತುಬಿಡುತ್ತದೆ.

ಹೊಸದಾಗಿ ಶುರು ಮಾಡೋದಾದರೆ ನಾನು ಹೇಳುವುದು ಆಲ್ಪೈನ್ ಲಿನಕ್ಸ್. ಅದರಲ್ಲಿ ಡಿಸ್ಕ್‌ಲೆಸ್, ಅಂದರೆ ಪೂರ್ತಿ ರ‍್ಯಾಮ್‌ನಲ್ಲೇ ಓಡುವ ವಿಧಾನವೇ ಇದೆ. ಆಮೇಲೆ ಮಾಡಿದ ತೇಪೆ ಅಲ್ಲ, ಮೂಲದಲ್ಲೇ ಹಾಗೆ ಕಟ್ಟಿದ್ದು. ಪೈಗೆ ಅಂತ ಇರುವ ಫೈಲನ್ನು ಎಫ್‌ಎಟಿ32 ಮಾಡಿದ ಕಾರ್ಡಿಗೆ ಬಿಚ್ಚಿ ಹಾಕಿ ಬೂಟ್ ಮಾಡಿ. ರೂಟ್ ಅಂತ ಲಾಗಿನ್ ಆಗಿ, ಮೊದಲಿಗೆ ಪಾಸ್‌ವರ್ಡ್ ಇರುವುದಿಲ್ಲ. ಸೆಟಪ್-ಆಲ್ಪೈನ್ ಕಮಾಂಡ್ ಕೊಟ್ಟರೆ ಒಂದೊಂದೇ ಪ್ರಶ್ನೆ ಕೇಳುತ್ತದೆ. ಯಾವ ಡಿಸ್ಕ್ ಅಂದಾಗ ‘ನನ್’ (none) ಅನ್ನಿ. ಕಾನ್ಫಿಗರೇಷನ್ ಎಲ್ಲಿ ಇಡಲಿ, ಪ್ಯಾಕೇಜ್ ಕ್ಯಾಷ್ (ಇಳಿಸಿಕೊಂಡ ಪ್ರೋಗ್ರಾಂಗಳ ಸಂಗ್ರಹ) ಎಲ್ಲಿ ಇಡಲಿ ಅನ್ನುವ ಎರಡಕ್ಕೂ ಅದೇ ಕಾರ್ಡಿನ ಪಾರ್ಟಿಷನ್ ತೋರಿಸಿ. ಆಮೇಲೆ ಎಲ್‌ಬಿಯು ಕಮಿಟ್ (lbu commit) ಕೊಡಿ, ಬದಲಾವಣೆಗಳನ್ನು ಕಾರ್ಡಿಗೆ ಉಳಿಸುವ ಕಮಾಂಡ್ ಅದು. ಬೂಟ್ ಆದಾಗೆಲ್ಲ ಆಲ್ಪೈನ್ ಕಾರ್ಡಿನಿಂದ ಕರ್ನಲ್ (ಸಿಸ್ಟಮ್‌ನ ತಿರುಳು) ಓದಿ, ರ‍್ಯಾಮ್‌ನಲ್ಲಿ ಹೊಸದಾಗಿ ಸಿಸ್ಟಮ್ ಕಟ್ಟಿ, ನೀವು ಕಮಿಟ್ ಮಾಡಿದ ಒಂದೇ ಒಂದು ಸಣ್ಣ ಟಾರ್ ಫೈಲ್ (ಹಲವು ಫೈಲ್‌ಗಳ ಕಟ್ಟು) ಬಿಚ್ಚಿ ಅದರ ಮೇಲೆ ಹರಡುತ್ತದೆ. ಹೊಸ ಪ್ಯಾಕೇಜ್ ಹಾಕುವಾಗ ಬಿಟ್ಟರೆ, ನೀವು ಕಮಿಟ್ ಅನ್ನುವವರೆಗೆ ಕಾರ್ಡಿಗೆ ಏನೂ ಬರೆಯುವುದಿಲ್ಲ. ಗುಡುಗು ಶುರುವಾದ ಹೊತ್ತಲ್ಲಿ ಮಾತ್ರ ಕಮಿಟ್ ಮಾಡಲು ಕೂರಬೇಡಿ.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಒಂದು, ಎಲ್‌ಬಿಯು ತಾನಾಗಿ ಉಳಿಸುವುದು ಸೆಟ್ಟಿಂಗ್‌ಗಳಿರುವ ಇಟಿಸಿ (/etc) ಫೋಲ್ಡರ್ ಮಾತ್ರ. ನಿಮ್ಮ ವಾಲ್ವ್ ಸ್ಕ್ರಿಪ್ಟ್ ರೂಟ್‌ನ ಹೋಮ್ ಫೋಲ್ಡರ್‌ನಲ್ಲಿದ್ದರೆ ಎಲ್‌ಬಿಯು ಇನ್‌ಕ್ಲೂಡ್ ಕೊಟ್ಟು ಅದನ್ನೂ ಸೇರಿಸಲೇಬೇಕು. ಕಮಿಟ್‌ಗೆ ಮುಂಚೆ ಎಲ್‌ಬಿಯು ಸ್ಟೇಟಸ್ ಒಮ್ಮೆ ನೋಡಿ. ಫೈಲಿನ ಹೆಸರಿನ ಮುಂದೆ ಎ ಇದ್ದರೆ ಹೊಸದು, ಯು ಇದ್ದರೆ ಬದಲಾದದ್ದು, ಡಿ ಇದ್ದರೆ ಅಳಿಸಿದ್ದು. ನಿಮ್ಮ ಸ್ಕ್ರಿಪ್ಟ್ ಹೊಸದಾಗಿ ಹಾಕಿಯೂ ಆ ಪಟ್ಟಿಯಲ್ಲಿ ಕಾಣದಿದ್ದರೆ ರೀಬೂಟ್ ಆದ ಮೇಲೆ ಅದು ಇರುವುದಿಲ್ಲ. ಎರಡನೆಯದು ಆ ಪ್ಯಾಕೇಜ್ ಕ್ಯಾಷ್. ಸುಮ್ನೆ ಎಂಟರ್ ಒತ್ತಿ ಬಿಟ್ಟುಬಿಡಬೇಡಿ. ಕ್ಯಾಷ್ ಇಲ್ಲದಿದ್ದರೆ ಬೂಟ್ ಆದಾಗೆಲ್ಲ ಪೈಥಾನ್ ತರಲು ಇಂಟರ್‌ನೆಟ್ ಬೇಕು. ಕರೆಂಟ್ ಬಂದಾಗ ನೆಟ್ ಬಂದಿರಬೇಕಲ್ಲ! ಪೈಥಾನ್ ಇಲ್ಲದ ಪೈ, ನೀರಿಲ್ಲದ ತೋಟ.

ಎಲ್‌ಬಿಯು ಕಾನ್ಫಿಗ್ ಫೈಲ್‌ನಲ್ಲಿ ಬ್ಯಾಕಪ್ ಲಿಮಿಟ್ 3 ಅಂತ ಹಾಕಿಟ್ಟರೆ ಹಿಂದಿನ ಕಮಿಟ್‌ಗಳೂ ಉಳಿಯುತ್ತವೆ. ಏನಾದರೂ ಕೆಟ್ಟರೆ ಹಿಂದಕ್ಕೆ ಹೋಗಬಹುದು.

ಈಗ ಉಳಿಯಬೇಕಾದ್ದರ ಲೆಕ್ಕ. ನೀರು ಬಿಡುವ ವೇಳಾಪಟ್ಟಿ ಉಳಿಯಲೇಬೇಕು. ಅದನ್ನು ಫೋನಿನಿಂದ ಬದಲಿಸುತ್ತೀರಿ ಅಂತ ಬರೆದಿದ್ದೀರಿ. ಹಾಗೆ ಬದಲಿಸಿದ್ದು ರ‍್ಯಾಮ್‌ನಲ್ಲಷ್ಟೇ ಇರುತ್ತದೆ. ‘ಸೇವ್’ ಒತ್ತಿದಾಗ ಸ್ಕ್ರಿಪ್ಟೇ ಒಂದು ಕಮಿಟ್ ಮಾಡುವ ಹಾಗೆ ಬರೆಯಿರಿ. ನಿಮಿಷಕ್ಕೊಂದು ಕಮಿಟ್ ಹಾಕಿದರೆ ಮತ್ತೆ ಹಳೇ ಕಥೆ. ತೇವಾಂಶದ ರೀಡಿಂಗ್‌ಗಳನ್ನು ಎಂಕ್ಯೂಟಿಟಿ (ಸಾಧನಗಳು ನೆಟ್‌ವರ್ಕ್‌ನಲ್ಲಿ ಸಣ್ಣ ಸಂದೇಶ ಕಳಿಸುವ ಪದ್ಧತಿ) ಮೂಲಕ ಮನೆಯ ಕಂಪ್ಯೂಟರಿಗೆ ಕಳಿಸಿ, ಇಲ್ಲವೇ ಬೇರೆ ಪೆನ್‌ಡ್ರೈವ್‌ಗೆ ಬರೆಯಿರಿ. ಪೆನ್‌ಡ್ರೈವ್ ಕೆಟ್ಟರೆ ಲೆಕ್ಕ ಹೋಗಬಹುದು, ನೀರು ನಿಲ್ಲುವುದಿಲ್ಲ. ಲಾಗ್ ಹೋದರೆ ಹೋಗಲಿ. ಆಲ್ಪೈನ್‌ನಲ್ಲಿ ಲಾಗ್ ಬರೆಯುವ ಬ್ಯುಸಿಬಾಕ್ಸ್ ಸಿಸ್‌ಲಾಗ್ ಅನ್ನುವ ಪ್ರೋಗ್ರಾಂ 200 ಕೆಬಿ ಆದಾಗ ಫೈಲ್ ಬದಲಿಸಿಕೊಳ್ಳುತ್ತದೆ, ಹಾಗಾಗಿ ರ‍್ಯಾಮ್ ತುಂಬುವ ಭಯ ಕಡಿಮೆ. ರಾತ್ರಿ ಏನಾಯಿತು ಅಂತ ಬೆಳಗ್ಗೆ ನೋಡಬೇಕು ಅಂದರೆ ಲಾಗನ್ನೂ ನೆಟ್‌ವರ್ಕ್‌ನಲ್ಲಿ ಮನೆಗೆ ಕಳಿಸುವಂತೆ ಮಾಡಬಹುದು.

ಗಡಿಯಾರದ ವಿಷಯ ಯಾರೂ ಹೇಳಿಲ್ಲ. ಪೈ 3ರಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ನೆಟ್ ಸಿಗದೆ ಬೂಟ್ ಆದರೆ ಸಮಯ ತಪ್ಪಿರುತ್ತದೆ, ಬೆಳಗಿನ 5 ಗಂಟೆಯ ನೀರು ಮಧ್ಯಾಹ್ನ ಬಿಡಬಹುದು. ಒಂದು ಡಿಎಸ್3231 ಗಡಿಯಾರದ ಬೋರ್ಡ್ ಹಾಕಿಕೊಳ್ಳಿ, ಜಾಸ್ತಿ ಬೆಲೆಯಿಲ್ಲ. ಪೈ 5ರಲ್ಲಿ ಗಡಿಯಾರ ಬೋರ್ಡಿನಲ್ಲೇ ಇದೆ, ಬ್ಯಾಟರಿ ಮಾತ್ರ ಬೇರೆ ತಗೋಬೇಕು.

ಇನ್ನು ರಿಲೇ, ಅಂದರೆ ಪೈ ಹೇಳಿದಾಗ ವಾಲ್ವ್‌ಗೆ ಕರೆಂಟ್ ಬಿಡುವ ಸ್ವಿಚ್. ಮಾರ್ಕೆಟ್‌ನಲ್ಲಿ ಸಿಗುವ ನೀಲಿ ರಿಲೇ ಬೋರ್ಡ್‌ಗಳಲ್ಲಿ ಬಹಳಷ್ಟು ಆಕ್ಟಿವ್ ಲೋ, ಅಂದರೆ ಪಿನ್ ಸೊನ್ನೆಗೆ ಇಳಿದರೆ ರಿಲೇ ಆನ್. ಪೈ ಎದ್ದು ಸ್ಕ್ರಿಪ್ಟ್ ಶುರುವಾಗುವವರೆಗೆ ಆ ಪಿನ್ ಯಾವ ಸ್ಥಿತಿಯಲ್ಲಿ ಇರಬೇಕು ಅಂತ ನೀವೇ ಹೇಳಿಡಬೇಕು. ಆಲ್ಪೈನ್‌ನಲ್ಲಿ ಬೂಟ್ ಪಾರ್ಟಿಷನ್‌ನ ಯೂಸರ್‌ಕಾನ್ಫಿಗ್ ಫೈಲ್‌ನಲ್ಲಿ, ಉದಾಹರಣೆಗೆ ಜಿಪಿಐಒ 17 ಅನ್ನುವ ಪಿನ್ ಔಟ್‌ಪುಟ್ ಆಗಲಿ, ಹೈ ಆಗಿರಲಿ ಅನ್ನುವ ಸಾಲು ಹಾಕಬಹುದು. ಲಿನಕ್ಸ್ ಏಳುವ ಮುಂಚೆಯೇ ಫರ್ಮ್‌ವೇರ್ (ಪೈಯಲ್ಲಿ ಮೊದಲು ಓಡುವ ಪ್ರೋಗ್ರಾಂ) ಅದನ್ನು ಪಾಲಿಸುತ್ತದೆ. ಸ್ಕ್ರಿಪ್ಟ್ ಕೂಡ ಶುರುವಾದ ತಕ್ಷಣ ಎಲ್ಲ ವಾಲ್ವ್ ಮುಚ್ಚಲಿ, ಆಮೇಲೆ ಸಮಯ ನೋಡಲಿ. ಹಿಂದೆ ಯಾವ ವಾಲ್ವ್ ತೆರೆದಿತ್ತು ಅಂತ ನೆನಪಿಟ್ಟುಕೊಳ್ಳುವ ಉಸಾಬರಿಯೇ ಬೇಡ.

ಪರೀಕ್ಷೆ ಮಾಡುವಾಗ ಮೋಟರ್ ಲೈನ್ ಬಿಚ್ಚಿಡಿ. ಶಟ್‌ಡೌನ್ ಕೊಡದೆ ಪೈಯ ಪ್ಲಗ್ ಕಿತ್ತು ಹಾಕಿ. ಒಮ್ಮೆ ವಾಲ್ವ್ ತೆರೆದಿರುವಾಗ, ಒಮ್ಮೆ ರೌಟರ್ ಆಫ್ ಮಾಡಿಟ್ಟು. ಎದ್ದ ಮೇಲೆ ರಿಲೇ ಟಿಕ್ ಅಂದರೆ ಪಿನ್ನಿನ ಸಾಲು ಮತ್ತೆ ನೋಡಿ.

ಒಂದು ಎಚ್ಚರಿಕೆ: ಕಾರ್ಡಿನ ಆ ಟಾರ್ ಫೈಲ್‌ನಲ್ಲಿ ನಿಮ್ಮ ವೈಫೈ ಪಾಸ್‌ವರ್ಡ್ ಬರಿಗಣ್ಣಿಗೆ ಕಾಣುವಂತೆ ಇರುತ್ತದೆ. ಎನ್‌ಕ್ರಿಪ್ಟ್ ಮಾಡಬಹುದು, ಆದರೆ ಆಗ ಬೂಟ್ ಆದಾಗೆಲ್ಲ ಯಾರೋ ಪಾಸ್‌ವರ್ಡ್ ಕೊಡಬೇಕು. ಪಂಪ್‌ಹೌಸ್‌ಗೆ ಅದು ಆಗದ ಮಾತು. ಬಾಗಿಲಿಗೆ ಬೀಗ ಹಾಕಿ.

ಕೆಳಗೆ ಒಬ್ಬರು ಹಾರ್ಡ್‌ಡಿಸ್ಕ್ ಸತ್ತ ಹಳೇ ಪಿಸಿ ಬಗ್ಗೆ ಕೇಳಿದ್ದಾರೆ. 64 ಬಿಟ್ ಇದ್ದು ರ‍್ಯಾಮ್ ಸಾಕಷ್ಟಿದ್ದರೆ ಡೆಬಿಯನ್ ಲೈವ್ (ಇನ್‌ಸ್ಟಾಲ್ ಮಾಡದೆ ನಡೆಯುವ ಲಿನಕ್ಸ್) ಪೆನ್‌ಡ್ರೈವ್‌ನಲ್ಲಿ ಬೂಟ್ ಸಾಲಿಗೆ ‘ಟುರ‍್ಯಾಮ್’ (toram) ಸೇರಿಸಿ. ಎಲ್ಲ ರ‍್ಯಾಮ್‌ಗೆ ನಕಲಾದ ಮೇಲೆ ಪೆನ್‌ಡ್ರೈವ್ ತೆಗೆದರೂ ನಡೆಯುತ್ತದೆ. 32 ಬಿಟ್ ಪಿಸಿ ಆದರೆ ಟೈನಿ ಕೋರ್ ಅನ್ನುವ ಪುಟ್ಟ ಲಿನಕ್ಸ್ ನೋಡಿ, 2025ರ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲ.

ಸರ್, ನಿಮ್ಮ ಪ್ರೋಗ್ರಾಂ ಬರೀ ಪೈಥಾನ್‌ನಲ್ಲಿದೆಯಾ, ನೋಡ್-ರೆಡ್‌ನಲ್ಲಿದೆಯಾ (ಚೌಕಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವ ಸಾಧನ) ತಿಳಿಸಿ. ನೋಡ್-ರೆಡ್ ಆದರೆ 1 ಜಿಬಿಯಲ್ಲಿ ಡಿಸ್ಕ್‌ಲೆಸ್ ಇಕ್ಕಟ್ಟಾಗುತ್ತದೆ, ಓವರ್‌ಲೇನಲ್ಲೇ ಇರಿ. ಪೈಥಾನ್ ಆದರೂ ಈಗಿನ ಕಾರ್ಡ್ ಮುಟ್ಟಬೇಡಿ, ಬೇರೆ ಕಾರ್ಡಿನಲ್ಲಿ ಆಲ್ಪೈನ್ ಹಾಕಿ ನೋಡಿ. ಆಲ್ಪೈನ್ ಬಳಸುವ ಸಿ ಲೈಬ್ರರಿ (ಪ್ರೋಗ್ರಾಂಗಳು ನೆಚ್ಚಿಕೊಳ್ಳುವ ಮೂಲ ಕೋಡ್) ಬೇರೆ, ಹಾಗಾಗಿ ಪೈ ಓಎಸ್‌ಗೆ ಕಂಪೈಲ್ ಮಾಡಿದ ಕೆಲವು ಮಾಡ್ಯೂಲ್‌ಗಳು ಅಲ್ಲಿ ನಡೆಯುವುದಿಲ್ಲ. ರಿಲೇ ಬೋರ್ಡಿನ ಒಂದು ಫೋಟೋ ಹಾಕಿದರೆ ಪಿನ್ನಿನ ಸಾಲು ಬರೆದು ಕೊಡುತ್ತೇನೆ.