ದಿಕ್ಸೂಚಿ ಹೊತ್ತ ಬ್ಯಾಕ್ಟೀರಿಯಾ

ಪ್ರಶ್ನೆ: ಅಯಸ್ಕಾಂತ ಹಿಡಿದರೆ ಕೆಲವು ಬ್ಯಾಕ್ಟೀರಿಯಾಗಳು ಅದರತ್ತ ಈಜುತ್ತವೆ ಎಂದು ಮಗಳ ಕಾಲೇಜಿನಲ್ಲಿ ಹೇಳಿದರಂತೆ. ಕಬ್ಬಿಣದ ಪುಡಿಯಂತೆ ಅಯಸ್ಕಾಂತವೇ ಅವನ್ನು ಸೆಳೆಯುತ್ತದೆಯೇ? ನಮ್ಮ ಕೆರೆಗಳಲ್ಲೂ ಅವು ಸಿಗಬಹುದೇ?
– ಓದುಗರೊಬ್ಬರು, ಮಲ್ಲೇಶ್ವರ, ಬೆಂಗಳೂರು

ಉತ್ತರ: ಸೆಳೆತವಲ್ಲ. ಬಟ್ಟಲು ನೀರಿನಲ್ಲಿ ತೇಲಿಬಿಟ್ಟ ಕಾಂತಸೂಜಿ ಉತ್ತರಕ್ಕೆ ಮುಖ ತಿರುಗಿಸುತ್ತದೆಯೇ ಹೊರತು ಬಟ್ಟಲಿನ ಉತ್ತರದ ಅಂಚಿಗೆ ತೇಲಿಹೋಗುವುದಿಲ್ಲ. ಈ ಜೀವಿಗಳ ವಿಷಯದಲ್ಲೂ ಕಾಂತಕ್ಷೇತ್ರದ ಕೆಲಸ ದಿಕ್ಕು ತಿರುಗಿಸುವುದಷ್ಟೇ, ಮುಂದೆ ಸಾಗುವುದು ಅವುಗಳದೇ ಕಶಾಂಗಗಳ, ಅಂದರೆ ಈಜಲು ನೆರವಾಗುವ ಬಾಲದಂಥ ಎಳೆಗಳ ಬಲದಿಂದ.

ಜೀವಕೋಶದೊಳಗೆ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜದ ಹರಳುಗಳು, ಪ್ರತಿಯೊಂದೂ ತನ್ನದೇ ತೆಳುಪೊರೆಯೊಳಗೆ, ಮಣಿಸರದಂತೆ ಸಾಲಾಗಿರುತ್ತವೆ. ಒಂದೊಂದು ಹರಳೂ ಸುಮಾರು 35ರಿಂದ 120 ನ್ಯಾನೋಮೀಟರ್. ನೀರಿನ ಅಣುಗಳ ನಿರಂತರ ತಾಡನದ ನಡುವೆ ಭೂಮಿಯ ದುರ್ಬಲ ಕಾಂತಕ್ಷೇತ್ರಕ್ಕೆ ಹೊಂದಿಕೊಂಡು ನಿಲ್ಲಲು ಒಂಟಿ ಹರಳಿಗೆ ಶಕ್ತಿ ಸಾಲದು, ಸರವಾದಾಗ ಸಾಕಾಗುತ್ತದೆ. 1963ರಲ್ಲಿ ಇಟಲಿಯ ಪಾವಿಯಾದಲ್ಲಿ ಸಾಲ್ವಟೋರೆ ಬೆಲ್ಲಿನಿ ಈ ವರ್ತನೆಯನ್ನು ಗುರುತಿಸಿದ್ದರೂ, ಅದು ಜಗತ್ತಿನ ಗಮನ ಸೆಳೆದದ್ದು 1975ರಲ್ಲಿ ಅಮೆರಿಕದ ರಿಚರ್ಡ್ ಬ್ಲೇಕ್‌ಮೋರ್ ಪ್ರಕಟಿಸಿದ ಲೇಖನದಿಂದ. ಬೆಲ್ಲಿನಿಯವರ ಹೆಸರನ್ನು ಬಿಟ್ಟು ಈ ಕಥೆ ಹೇಳುವುದು ಸರಿಯಲ್ಲವೆಂದು ನನ್ನ ಅನಿಸಿಕೆ.

ಇವುಗಳಿಗೆ ಬೇಕಾದದ್ದು ಆಮ್ಲಜನಕ ಕಡಿಮೆಯಿರುವ ಕೆಸರಿನ ಪದರ. ಉತ್ತರಾರ್ಧಗೋಳದಲ್ಲಿ ಕಾಂತರೇಖೆಗಳು ಉತ್ತರಕ್ಕೆ ಹೋಗುತ್ತಾ ಕೆಳಗೆ ವಾಲುವುದರಿಂದ, ಉತ್ತರಾಭಿಮುಖವಾಗಿ ಈಜುವ ಜೀವಿ ತಾನಾಗಿ ತಳ ಸೇರುತ್ತದೆ. ಕಾಂತರೇಖೆಗಳು ವಾಲದೆ ಮಟ್ಟವಾಗಿರುವ ಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುವುದರಿಂದ ಬೆಂಗಳೂರಿನಲ್ಲಿ ಈ ವಾಲಿಕೆ ಅಲ್ಪವೇ ಸರಿ, ಆದರೂ ನಮ್ಮ ಕೆರೆಗಳ ಕೆಸರಿನಲ್ಲಿ ಹುಡುಕಲು ಅಡ್ಡಿಯಿಲ್ಲ.

ಗಾಜಿನ ಬಾಟಲಿಯಲ್ಲಿ ಕೆಸರು ಮತ್ತು ಅದೇ ಕೆರೆಯ ನೀರು ತುಂಬಿ, ಮುಚ್ಚಳ ಸಡಿಲವಾಗಿಟ್ಟು ಕೆಲವು ವಾರ ಮಬ್ಬು ಬೆಳಕಿನಲ್ಲಿಡಿ. ಚರಂಡಿ ಸೇರುವ ಕೆರೆಯಾದರೆ ಕೈಗವಸು ಮರೆಯಬೇಡಿ. ಆಮೇಲೆ ಕೆಸರಿನ ಮಟ್ಟಕ್ಕಿಂತ ತುಸು ಮೇಲೆ, ಬಾಟಲಿಯ ಹೊರಗೆ ದಂಡಕಾಂತದ ದಕ್ಷಿಣ ಧ್ರುವವನ್ನು ಒಂದೆರಡು ಗಂಟೆ ತಾಗಿಸಿಟ್ಟು, ಅಲ್ಲಿಯ ನೀರಿನ ಹನಿಯೊಂದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ. ಸಿಗದಿದ್ದರೆ ಉತ್ತರ ಧ್ರುವದಿಂದಲೂ ಪ್ರಯತ್ನಿಸಿ. ಅವು ಸಿಕ್ಕಿದ್ದರೆ, ಹನಿಯ ಪಕ್ಕದ ಅಯಸ್ಕಾಂತವನ್ನು ಮಗಳು ತಿರುಗಿಸಿ ಹಿಡಿದೊಡನೆ ಈಜುವ ಚುಕ್ಕೆಗಳೆಲ್ಲ ಅರ್ಧಚಂದ್ರಾಕಾರವಾಗಿ ಹೊರಳಿ ಹಿಂದಿರುಗುತ್ತವೆ. ಸತ್ತವೂ ಹೊರಳುತ್ತವೆ, ಆದರೆ ಇದ್ದಲ್ಲೇ ಉಳಿಯುತ್ತವೆ.